ಫಾರ್ವರ್ಡ್ ಪುಟ್ಟನ ಪೋಸ್ಟರ್

ನಮ್ಮ ಹಳೆಯ ಕಾಲೇಜು ಫುಟ್‌ಬಾಲ್ ತಂಡದ ವಾಟ್ಸಾಪ್ ಗುಂಪಿನಲ್ಲಿ ಭಾನುವಾರ ನಡೆದದ್ದು ಇದು. ಪುಟ್ಟ ಆಗ ಮೈದಾನದಲ್ಲಿ ಗೋಲು ಹೊಡೆಯುವ ಫಾರ್ವರ್ಡ್, ಈಗ ಗುಂಪಿನಲ್ಲಿ ಬಂದದ್ದನ್ನೆಲ್ಲ ಕಳಿಸುವ ಫಾರ್ವರ್ಡ್. ನಡುವೆ ಬಂದ ಗುಲಾಬಿ ಹೂಗಳನ್ನೂ ಕೈ ಮುಗಿಯುವ ಚಿತ್ರಗಳನ್ನೂ ತೆಗೆದಿದ್ದೇನೆ. ನಮ್ಮ ಗೋಲ್‌ಕೀಪರ್ ಗೋಲಿಯ ಮಾತನ್ನು ಅವನನ್ನು ಕೇಳಿಯೇ ಹಾಕಿದ್ದೇನೆ.

ಪುಟ್ಟ, 7:12
ಬೂಟು ಬಿಚ್ಚಿದ ಮೇಲೂ ಗೆದ್ದವರು! ಫ್ರಾನ್ಸಿನ ಫ್ಲಾಮಿನಿ: ಆಟ ಬಿಟ್ಟು ಕಂಪನಿ ಕಟ್ಟಿದ, ಇಂದು 30 ಬಿಲಿಯನ್ ಡಾಲರ್ ಒಡೆಯ. ಜಾರ್ಜ್ ವೇಯಾ: ಲೈಬೀರಿಯ ದೇಶದ ಅಧ್ಯಕ್ಷನಾದ. ಜಪಾನಿನ ನಕಾಟಾ: 29ಕ್ಕೇ ನಿವೃತ್ತಿ, ಈಗ ಉದ್ಯಮಿ. ಮನಸ್ಸಿದ್ದರೆ ಮಾರ್ಗ! ಹತ್ತು ಜನರಿಗೆ ಕಳಿಸಿ.

ಕಡ್ಡಿ, 7:20
ಹತ್ತು ಜನ ಎಲ್ಲಿದ್ದಾರೆ ಪುಟ್ಟ, ಈ ಗುಂಪಿನಲ್ಲಿ ಎದ್ದಿರುವವರೇ ನಾವಿಬ್ಬರು.

ಲೆಕ್ಕದವನು, 7:41
ಮೂವರು ಎದ್ದಿದ್ದೇವೆ. ಪುಟ್ಟ, ಆ 30 ಬಿಲಿಯನ್ ಸುಳ್ಳು. ಫ್ಲಾಮಿನಿಯ ಕಂಪನಿ ಗಿಡಗಳ ಕಸದಿಂದ ಲೆವ್ಯುಲಿನಿಕ್ ಆಸಿಡ್ ಎಂಬ ರಾಸಾಯನಿಕ ತಯಾರಿಸುತ್ತದೆ. ಪೆಟ್ರೋಲಿಯಂನಿಂದ ಮಾಡುವ ಎಷ್ಟೋ ವಸ್ತುಗಳ ಜಾಗದಲ್ಲಿ ಇದನ್ನು ಬಳಸಬಹುದು. ಅಂಥ ಇಡೀ ಮಾರುಕಟ್ಟೆ ಎಷ್ಟು ದೊಡ್ಡದು ಎಂದು ಯಾರೋ ಹೇಳಿದ ಅಂಕಿಯನ್ನು ಇನ್ಯಾರೋ ಅವನ ಜೇಬಿಗೆ ಹಾಕಿದರು. ಮೀನು ಹಿಡಿಯಲು ಹೋದವನಿಗೆ ಸಮುದ್ರವೇ ಸ್ವಂತ ಎಂದ ಹಾಗಾಯಿತು.

ಲೆಕ್ಕದವನು, 7:43
ಇನ್ನೊಂದು. ಅವನು ಕಂಪನಿ ಶುರು ಮಾಡಿದ್ದು 2008ರಲ್ಲಿ. ಆಗ ಇನ್ನೂ ಆಡುತ್ತಿದ್ದ, ಆರ್ಸೆನಲ್ ಕ್ಲಬ್ ಬಿಟ್ಟು ಮಿಲಾನ್ ಕ್ಲಬ್ ಸೇರಿದ ವರ್ಷ ಅದು. "ಆಟ ಬಿಟ್ಟು" ಅನ್ನುವುದೂ ತಪ್ಪು.

ಪುಟ್ಟ, 7:50
ಅಂಕಿ ತಪ್ಪಿರಬಹುದು, ಸಂದೇಶ ಸರಿ ಇದೆ ಅಲ್ವಾ? ಆಟಗಾರರ ಕೈಯಲ್ಲಿ ದುಡ್ಡು, ಹೆಸರು, ವಯಸ್ಸು ಮೂರೂ ಇದೆ. 35ಕ್ಕೆ ನಿವೃತ್ತಿ ಎಂದರೆ ನಮಗೆ ಯಾರು ಕೊಡುತ್ತಾರೆ!

ಕಡ್ಡಿ, 7:58
ನಾನು ಓದಿದ್ದು ಬೇರೆ. ಇಂಗ್ಲೆಂಡಿನ ಅತಿ ಮೇಲಿನ ಲೀಗ್ ಆದ ಪ್ರೀಮಿಯರ್ ಲೀಗ್‌ನ ಆಟಗಾರರಲ್ಲಿ ಐವರಲ್ಲಿ ಮೂವರು ಆಟ ಬಿಟ್ಟ ಐದು ವರ್ಷದೊಳಗೆ ದಿವಾಳಿ.

ಲೆಕ್ಕದವನು, 8:06
ಅದೂ ಫಾರ್ವರ್ಡೇ. ಮಾಜಿ ಆಟಗಾರರ ಒಂದು ಸಂಸ್ಥೆ ಹೇಳಿದ ಮಾತು, ಅಲ್ಲಿನ ಆಟಗಾರರ ಸಂಘವೇ ಒಪ್ಪಲಿಲ್ಲ. ಮುಳುಗಿದವರು ಇದ್ದಾರೆ, ನಿಜ. ಆದರೆ ಎಲ್ಲರೂ ಕಾರು, ಜೂಜು ಅಂತ ಕಳೆದವರಲ್ಲ. ತೆರಿಗೆ ಉಳಿಯುತ್ತದೆ ಎಂದು ಸಲಹೆಗಾರರು ಸಿನಿಮಾ ಹೂಡಿಕೆಗಳಿಗೆ ಸಹಿ ಹಾಕಿಸಿಕೊಂಡರು. ವರ್ಷಗಳ ನಂತರ ತೆರಿಗೆ ಇಲಾಖೆ ಹಳೆಯ ಬಾಕಿ ಕೇಳಿತು. ಅಷ್ಟರಲ್ಲಿ ಸಂಬಳ ನಿಂತಿತ್ತು. ನನ್ನ ಕೆಲಸದಲ್ಲಿ ಇಂಥ ಮುಖಗಳನ್ನು ನೋಡಿದ್ದೇನೆ, ಫುಟ್‌ಬಾಲ್ ಆಡದವರದ್ದು. ಸಹಿ ಹಾಕುವಾಗ ಯಾರೂ ಕೊನೆಯ ಪುಟ ತಿರುಗಿಸುವುದಿಲ್ಲ.

ನಾನು, 8:15
ಪುಟ್ಟ, "ದುಡ್ಡು ಇದೆ" ಅಂದೆಯಲ್ಲ. 2016ರಲ್ಲಿ ಫಿಫ್‌ಪ್ರೊ, ಅಂದರೆ ಆಟಗಾರರ ವಿಶ್ವ ಸಂಘ, 54 ದೇಶಗಳ ಸುಮಾರು 14 ಸಾವಿರ ವೃತ್ತಿಪರ ಆಟಗಾರರನ್ನು ಕೇಳಿತ್ತು. ಶೇ 45ರಷ್ಟು ಜನಕ್ಕೆ ತಿಂಗಳಿಗೆ ಸಾವಿರ ಡಾಲರ್ ಕೂಡ ಇಲ್ಲ. ಶೇ 41ರಷ್ಟು ಜನಕ್ಕೆ ಸಂಬಳ ತಡವಾಗಿತ್ತು. ನಿನ್ನ ಪೋಸ್ಟರ್‌ನಲ್ಲಿ ಅವರು ಯಾರೂ ಇಲ್ಲ.

ಪುಟ್ಟ, 8:19
ಪೋಸ್ಟರ್‌ನಲ್ಲಿ ಸೋತವರನ್ನು ಯಾರು ಹಾಕುತ್ತಾರೆ?

ನಾನು, 8:24
ಸೋತವರು ಅಂತ ಯಾರು ಹೇಳಿದರು? 1966ರ ವಿಶ್ವಕಪ್ ಗೆದ್ದ ಇಂಗ್ಲೆಂಡ್ ತಂಡದ ಲೆಫ್ಟ್ ಬ್ಯಾಕ್ ರೇ ವಿಲ್ಸನ್. ಆಮೇಲೆ ಏನು ಮಾಡಿದ ಗೊತ್ತಾ? ಶವಸಂಸ್ಕಾರದ ಕೆಲಸ. ಫೈನಲ್‌ನಲ್ಲಿ ಮೂರು ಗೋಲು ಹೊಡೆದ ಜೆಫ್ ಹರ್ಸ್ಟ್ ವಿಮೆ ಮಾರಿದ. ಇಂಗ್ಲೆಂಡಿನಲ್ಲಿ 1961ರವರೆಗೆ ಆಟಗಾರನಿಗೆ ವಾರಕ್ಕೆ 20 ಪೌಂಡ್‌ಗಿಂತ ಜಾಸ್ತಿ ಕೊಡುವ ಹಾಗೇ ಇರಲಿಲ್ಲ. ಆ ಪೀಳಿಗೆಗೆ ಆಟ ಮುಗಿದ ಸೋಮವಾರ ಬೇರೆ ಕೆಲಸಕ್ಕೆ ಹೋಗುವುದು ಅವಮಾನವೇ ಅಲ್ಲ, ಮಾಮೂಲಿ.

ಕಡ್ಡಿ, 8:27
ವಿಮೆ ಮಾರಲು ಬಂದವನು ಹ್ಯಾಟ್ರಿಕ್ ಹರ್ಸ್ಟ್ ಆಗಿದ್ದರೆ ನಾನು ಎರಡು ಪಾಲಿಸಿ ತೆಗೆದುಕೊಳ್ಳುತ್ತಿದ್ದೆ.

ಡಾಕ್ಟ್ರು, 8:40
ಈಗ ನೋಡಿದೆ. ವಿಲ್ಸನ್ ಹೆಸರು ಬಂದಿದ್ದರಿಂದ ಹೇಳುತ್ತೇನೆ. ಅವನಿಗೆ ಆಮೇಲೆ ಆಲ್ಝೈಮರ್ಸ್ ಬಂತು. ಅದೇ ತಂಡದ ನಾಬಿ ಸ್ಟೈಲ್ಸ್, ಮಾರ್ಟಿನ್ ಪೀಟರ್ಸ್, ಚಾರ್ಲ್ಟನ್ ಅಣ್ಣತಮ್ಮಂದಿರಿಗೂ ಮರೆವಿನ ಕಾಯಿಲೆ. 2019ರಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯದವರು ಸ್ಕಾಟ್ಲೆಂಡಿನ ಏಳೂವರೆ ಸಾವಿರಕ್ಕೂ ಜಾಸ್ತಿ ಮಾಜಿ ಆಟಗಾರರ ದಾಖಲೆ ನೋಡಿದರು. ಮೆದುಳು ಸವೆಯುವ ಕಾಯಿಲೆಗಳಿಂದ ಸಾಯುವ ಸಾಧ್ಯತೆ ಬೇರೆಯವರಿಗಿಂತ ಸುಮಾರು ಮೂರೂವರೆ ಪಟ್ಟು. ಹೃದಯದ ಕಾಯಿಲೆಯಿಂದ ಸಾಯುವುದು ಕಡಿಮೆ. ಹೃದಯ ಉಳಿಯಿತು, ತಲೆ ಹೋಯಿತು.

ಡಾಕ್ಟ್ರು, 8:42
ಗೋಲ್‌ಕೀಪರ್‌ಗಳಿಗೆ ಆ ಅಪಾಯ ಸಾಮಾನ್ಯರಷ್ಟೇ ಎಂದು ಅದೇ ತಂಡದ ಮುಂದಿನ ಅಧ್ಯಯನದಲ್ಲಿ ಬಂತು. ತಲೆಯಿಂದ ಚೆಂಡು ಹೊಡೆಯುವುದು ಅವರ ಕೆಲಸವಲ್ಲವಲ್ಲ. ಗೋಲಿ, ನೀನು ಬಚಾವ್.

ಪುಟ್ಟ, 8:50
ಬೆಳಿಗ್ಗೆ ಬೆಳಿಗ್ಗೆ ಹೆಣ, ದಿವಾಳಿ, ಮರೆವು! ಒಂದು ಒಳ್ಳೆಯ ಮಾತು ಹಾಕಿದ್ದಕ್ಕೆ ಇಷ್ಟು ಜನ ಮೇಲೆ ಬೀಳುತ್ತೀರಿ. ಕೋಚ್ ಆಗಬಹುದು, ಟಿವಿಯಲ್ಲಿ ಮಾತಾಡಬಹುದು. ದಾರಿ ಇಲ್ಲ ಅನ್ನಬೇಡಿ.

ಲೆಕ್ಕದವನು, 8:57
ಪ್ರೀಮಿಯರ್ ಲೀಗ್‌ನಲ್ಲಿ 20 ತಂಡ. ಮುಖ್ಯ ಕೋಚ್ ಕುರ್ಚಿ 20. ಪ್ರತಿ ವರ್ಷ ಆಟ ಬಿಡುವವರು ಎಷ್ಟು ಎಂದು ನೀನೇ ಎಣಿಸು. ಟಿವಿ ಕುರ್ಚಿಯೂ ಎಲ್ಲರಿಗೂ ಸಾಲದು.

ಗೋಲಿ, 9:31
ಶಿಫ್ಟ್ ಮುಗಿಸಿ ಬಂದೆ. ಎಲ್ಲ ಓದಿದೆ. ಉದ್ದ ಬರೆಯುತ್ತೇನೆ, ಬೈಯಬೇಡಿ.

ನಿಮಗೆ ಗೊತ್ತು, ನಾನು ನಾಲ್ಕು ಸೀಸನ್ ಒಂದು ಕ್ಲಬ್‌ನಲ್ಲಿ ಎರಡನೇ ಕೀಪರ್. ಹೆಸರು ಬೇಡ. ಒಪ್ಪಂದ ಮುಂದುವರಿಸುವುದಿಲ್ಲ ಎಂದು ಫೋನಿನಲ್ಲಿ ಹೇಳಿದರು, ಎರಡು ನಿಮಿಷ ಕೂಡ ಆಗಲಿಲ್ಲ. ದುಡ್ಡಿನ ಚಿಂತೆ ಆಮೇಲೆ ಬಂತು. ಮೊದಲು ಬಂದದ್ದು ಬೇರೆ.

ಕ್ಲಬ್‌ನಲ್ಲಿ ವಾರಕ್ಕೊಂದು ಚೀಟಿ ಕೊಡುತ್ತಿದ್ದರು. ಏಳುವ ಹೊತ್ತು, ತಿಂಡಿ, ತೂಕ, ಅಭ್ಯಾಸ, ಬಸ್ಸು, ನಿದ್ದೆ. ಅದನ್ನು ಫ್ರಿಜ್ ಬಾಗಿಲಿಗೆ ಅಂಟಿಸುತ್ತಿದ್ದೆ. ಫೋನ್ ಬಂದ ನಂತರದ ಸೋಮವಾರ ಐದೂವರೆಗೆ ಎದ್ದೆ. ಅಭ್ಯಾಸಬಲ, ಬೆರಳುಗಳಿಗೆ ಟೇಪ್ ಸುತ್ತಿಕೊಂಡೆ. ಎಡಗೈ ಉಂಗುರ ಬೆರಳು ಎರಡು ಸಲ ಮುರಿದಿತ್ತು, ಅದಕ್ಕೆ ಎರಡು ಸುತ್ತು ಜಾಸ್ತಿ. ಹತ್ತೂ ಬೆರಳು ಮುಗಿದ ಮೇಲೆ ಮಂಚದ ಮೇಲೆ ಸುಮ್ನೆ ಕೂತೆ. ಹೆಂಡತಿ ಎದ್ದು "ಎಲ್ಲಿಗೆ?" ಅಂದಳು. ಉತ್ತರ ಇರಲಿಲ್ಲ. ಟೇಪ್ ಬಿಚ್ಚಲು ಒಂದು ಗಂಟೆ ತೆಗೆದುಕೊಂಡೆ. ಬೇಗ ಬಿಚ್ಚಿದರೆ ಆಮೇಲೆ ಏನು ಮಾಡುವುದು?

ಕೋಚ್ ಆಗು ಎಂದು ಎಲ್ಲರೂ ಹೇಳಿದರು. ಲೈಸೆನ್ಸ್ ಮೆಟ್ಟಿಲು ಮೆಟ್ಟಿಲಾಗಿ ಹತ್ತಬೇಕು, ಒಂದೊಂದಕ್ಕೂ ಫೀಸು, ತಿಂಗಳುಗಟ್ಟಲೆ ಹೊತ್ತು. ಮೇಲೆ ಹೋದ ಮೇಲೆ ಕೇಳುವುದು ಹೆಸರು. ಎರಡನೇ ಕೀಪರ್‌ಗೆ ಎಂಥ ಹೆಸರು? ಬೇರೆ ಕೆಲಸಕ್ಕೆ ಅರ್ಜಿ ಹಾಕಿದೆ. ಸಂದರ್ಶನದಲ್ಲಿ ಒಬ್ಬರು ನನ್ನ ಕಾಗದ ನೋಡಿ "ಈ ನಾಲ್ಕು ವರ್ಷ ಖಾಲಿ ಇದೆಯಲ್ಲ" ಅಂದರು. ಖಾಲಿ!

31ಕ್ಕೆ ಫ್ರೆಶರ್ ಆದೆ. ಗೋದಾಮಿನಲ್ಲಿ ನನ್ನ ಮೇಲಿನವನಿಗೆ ಆಗ 24. ಒಳ್ಳೆಯ ಹುಡುಗ, ಬಾರ್‌ಕೋಡ್ ಯಂತ್ರ ಹಿಡಿಯುವುದನ್ನು ತಾಳ್ಮೆಯಿಂದ ಕಲಿಸಿದ.

ಪುಟ್ಟ, 9:40
ಗೋಲಿ, ಇದನ್ನು ಯಾವತ್ತೂ ಹೇಳಲಿಲ್ಲವಲ್ಲೋ.

ಗೋಲಿ, 9:44
ಯಾರೂ ಕೇಳಲಿಲ್ಲ. ಎಲ್ಲರೂ "ಆ ಪೆನಾಲ್ಟಿ ಹೇಗೆ ಹಿಡಿದೆ" ಅಂತಲೇ ಕೇಳಿದಿರಿ.

ಗೋಲಿ, 9:46
ಪುಟ್ಟ, ನಿನ್ನ ಪೋಸ್ಟರ್ ಮೇಲೆ ನನಗೆ ಸಿಟ್ಟಿಲ್ಲ. ವೇಯಾನನ್ನೇ ತೆಗೆದುಕೋ. 1995ರಲ್ಲಿ ಬ್ಯಾಲನ್ ಡಿ'ಓರ್, ಅಂದರೆ ವರ್ಷದ ಶ್ರೇಷ್ಠ ಆಟಗಾರ ಪ್ರಶಸ್ತಿ. 2005ರಲ್ಲಿ ಅಧ್ಯಕ್ಷ ಪದವಿಗೆ ನಿಂತು ಸೋತ. ಓದಿಲ್ಲದವನು ಎಂದು ಹಂಗಿಸಿದರು. ಹೋಗಿ ಓದಿದ. 2017ರ ಚುನಾವಣೆ ಗೆದ್ದು 2018ರಲ್ಲಿ ಲೈಬೀರಿಯದ ಅಧ್ಯಕ್ಷನಾದ. 2023ರ ಚುನಾವಣೆಯಲ್ಲಿ ಮತ್ತೆ ಸೋತ, ಸೋಲು ಒಪ್ಪಿಕೊಂಡ. ನಿನ್ನ ಪೋಸ್ಟರ್ ನಡುವಿನ ಹನ್ನೆರಡು ವರ್ಷ ನುಂಗಿದೆ. ನನಗೆ ಬೇಕಾದದ್ದು ಆ ಹನ್ನೆರಡು ವರ್ಷ.

ಡಾಕ್ಟ್ರು, 9:52
ಸಾಕ್ರೆಟಿಸ್ ಆಡುತ್ತಲೇ ವೈದ್ಯಕೀಯ ಓದಿ ಮುಗಿಸಿದ. 1982ರ ವಿಶ್ವಕಪ್‌ನಲ್ಲಿ ಬ್ರೆಜಿಲ್ ತಂಡದ ನಾಯಕ. ಹುಡುಗರು ಮೊದಲೇ ಒಂದು ಕಾಲು ಹೊರಗೆ ಇಟ್ಟಿರಬೇಕು ಅನ್ನಿಸುತ್ತದೆ.

ಗೋಲಿ, 9:58
ಹೌದು, ಆದರೆ ಹೇಳುವುದು ಸುಲಭ. 22 ವರ್ಷದಲ್ಲಿ ಕೋಚ್ ಎದುರು ಪುಸ್ತಕ ಹಿಡಿದು ಕೂತರೆ "ಇವನಿಗೆ ಆಟದ ಮೇಲೆ ಮನಸ್ಸಿಲ್ಲ" ಅನ್ನುತ್ತಾರೆ. ನನಗೆ ಇಷ್ಟವಾದವನು ಆರ್ಯನ್ ಡಿ ಝೇವ್. ವಿಗನ್, ಪೋರ್ಟ್ಸ್‌ಮತ್ ತಂಡಗಳ ಡಿಫೆಂಡರ್. ಆಟ ಬಿಟ್ಟು ನೆದರ್‌ಲ್ಯಾಂಡ್ಸ್‌ಗೆ ಹೋಗಿ ಪೊಲೀಸ್ ಪತ್ತೇದಾರನಾದ. ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲಿ ಬೆಳೆದ ಫಿಲಿಪ್ ಮಲ್ರೈನ್ 2017ರಲ್ಲಿ ಪಾದ್ರಿಯಾದ, ಬಡತನದ ವ್ರತ ತೊಟ್ಟು. ಇಬ್ಬರಿಗೂ ಮತ್ತೆ ಒಂದು ತಂಡ, ಒಂದು ವೇಳಾಪಟ್ಟಿ ಸಿಕ್ಕಿತು.

ಕಡ್ಡಿ, 10:03
ನಿನಗೆ?

ಗೋಲಿ, 10:05
ಗೋದಾಮಿನಲ್ಲಿ ಮೊದಲ ವಾರವೇ ಶಿಫ್ಟ್ ಚೀಟಿ ಕೊಟ್ಟರು. ತಂದು ಫ್ರಿಜ್‌ಗೆ ಅಂಟಿಸಿದೆ. ಆವತ್ತು ರಾತ್ರಿ ಒಳ್ಳೆಯ ನಿದ್ದೆ ಬಂತು.

(ಹದಿನೈದು ನಿಮಿಷ ಯಾರೂ ಏನೂ ಬರೆಯಲಿಲ್ಲ. ಈ ಗುಂಪಿನಲ್ಲಿ ಅದು ದಾಖಲೆ.)

ಪುಟ್ಟ, 10:21
ಪೋಸ್ಟರ್ ಅಳಿಸಲಾ?

ಲೆಕ್ಕದವನು, 10:22
ಅಳಿಸಬೇಡ, ನಮ್ಮ ಮಾತಿಗೆ ತಲೆಬುಡ ಇರುವುದಿಲ್ಲ. 30 ಬಿಲಿಯನ್ ಮಾತ್ರ ತೆಗೆ.

ಪುಟ್ಟ, 10:26
ಅದು ಚಿತ್ರ ಮಾರಾಯ, ಹೇಗೆ ತೆಗೆಯಲಿ? ಇರಲಿ ಬಿಡು. ಮುಂದಿನ ಭಾನುವಾರ ಎಲ್ಲರೂ ಸೇರಿ ಒಂದು ಆಟ ಆಡೋಣವಾ? ಗೋಲಿ, ಶಿಫ್ಟ್ ಇದೆಯಾ?

ಗೋಲಿ, 10:30
ಚೀಟಿ ನೋಡಿದೆ. ರಜೆ. ಬರುತ್ತೇನೆ, ಆದರೆ ಈ ಸಲ ನಾನು ಫಾರ್ವರ್ಡ್. ಪುಟ್ಟ ಗೋಲಿನಲ್ಲಿ ನಿಲ್ಲಲಿ.