ಅಪ್‌ಡೇಟ್: ಬಾಣಂತನದಲ್ಲಿ ಸುಮ್ನೆ ಅಳು ಬರುತ್ತೆ ಅಂದಿದ್ದೆನಲ್ಲ

ಮಗುವಿಗೆ ಎರಡು ತಿಂಗಳಿದ್ದಾಗ ಇಲ್ಲಿ ನಿಮ್ಮನ್ನೆಲ್ಲ ಕೇಳಿದ್ದೆ: ಕಾರಣವಿಲ್ಲದೆ ಅಳು, ಮಗು ಮಲಗಿದರೂ ನನಗೆ ನಿದ್ದೆ ಇಲ್ಲ, ಉಸಿರಾಡುತ್ತಿದೆಯಾ ಅಂತ ಎದ್ದೆದ್ದು ನೋಡುತ್ತೇನೆ, ಇದು ಸಹಜವಾ? ಈಗ ಅವಳಿಗೆ ಆರು ತಿಂಗಳು.

ಮೊದಲ ಎರಡು ವಾರದ ಅಳುವಾದರೆ ತಾನಾಗಿ ಹೋಗುತ್ತೆ, ನಿಮ್ಮದು ಅದನ್ನು ದಾಟಿದೆ ಅಂತ ನೀವು ಹೇಳಿದ್ದು ಸರಿ. ಅಮ್ಮ ಮಾತ್ರ ತಲೆಗೆ ಗಾಳಿ ಹೊಕ್ಕಿದೆ ಅಂತ ಸ್ಕಾರ್ಫ್ ಇನ್ನೂ ಬಿಗಿ ಮಾಡಿದರು, ಪಾಪ!

ಒಂದು ರಾತ್ರಿ ತಡೆಯಲಾರದೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದೆ. ಕನ್ನಡದಲ್ಲೇ ಮಾತಾಡಿದರು, ದುಡ್ಡಿಲ್ಲ. ಅಲ್ಲಿಂದ ಮನೋವೈದ್ಯರ ಹತ್ತಿರ. ಅವರು ಬಾಣಂತಿಯರ ಖಿನ್ನತೆ ಗುರುತಿಸುವ ಎಡಿನ್‌ಬರೋ ಪಟ್ಟಿಯ 10 ಪ್ರಶ್ನೆ ಕೇಳಿದರು, ಎಲ್ಲವೂ ಕಳೆದ 7 ದಿನದ ಬಗ್ಗೆ. ಕೊನೆಯದು, ನಿಮಗೆ ನೀವೇ ನೋವು ಮಾಡಿಕೊಳ್ಳಬೇಕು ಅನ್ನಿಸಿತ್ತಾ ಅಂತ. ಯಾರೂ ಕೇಳಿರಲಿಲ್ಲ ಅದನ್ನು. ಅಲ್ಲೇ ಅತ್ತುಬಿಟ್ಟೆ. ಥೈರಾಯ್ಡ್ ಕೂಡ ಪರೀಕ್ಷೆ ಮಾಡಿಸಿದರು, ಅದು ಏರುಪೇರಾದರೂ ಹೀಗಾಗುತ್ತಂತೆ. ನನ್ನದು ಸರಿ ಇತ್ತು.

ಖಿನ್ನತೆಗೆ ಕೊಡುವ ಸರ್ಟ್ರಲೀನ್ ಮಾತ್ರೆ ಕೊಟ್ಟರು. ಹಾಲಿಗೆ ಸೇರುವುದು ತೀರಾ ಕಡಿಮೆ, ಹಾಲುಣಿಸಬಹುದು ಅಂದರು. ಮೊದಲ ಮೂರು ವಾರ ಏನೂ ಗೊತ್ತಾಗಲಿಲ್ಲ, ಆಮೇಲೆ ನಿದ್ದೆ ಬಂತು. ಈಗ ರಾತ್ರಿ ಒಂದು ಸರದಿ ನನ್ನ ಗಂಡನದ್ದು. ಎದ್ದು ನೋಡುವುದು ಪೂರ್ತಿ ನಿಂತಿಲ್ಲ, ನಿನ್ನೆ ಎರಡೇ ಸಲ.