ಮಧ್ಯಸ್ಥಿಕೆ, ಸಂಧಾನ, ‘ಮಾತಿಗೆ ಕೂಡ್ರಿಸೋದು’: ನಾರ್ವೆ ಮಾಡಿದ ಕೆಲಸಕ್ಕೆ ಯಾವ ಪದ?

ಎಲ್ಲರಿಗೂ ನಮಸ್ಕಾರ.

ಗದಗಿನಲ್ಲಿ ಪದವಿ ಮಕ್ಕಳಿಗೆ ರಾಜ್ಯಶಾಸ್ತ್ರ ಕಲಿಸುತ್ತೇನೆ. ನೆರೆದೇಶಗಳ ಒಳಯುದ್ಧದಲ್ಲಿ ಹೊರಗಿನವರು ಬಂದು ಮಾತುಕತೆ ನಡೆಸಿದ್ದರ ಬಗ್ಗೆ ಕನ್ನಡದಲ್ಲಿ ಟಿಪ್ಪಣಿ ಮಾಡುತ್ತಿದ್ದೆ. ಶ್ರೀಲಂಕಾದ ಪಾಠದಲ್ಲಿ, ಪತ್ರಿಕೆಗಳಲ್ಲಿ ಓದಿದ ರೂಢಿಯಂತೆ, ‘ನಾರ್ವೆಯ ಮಧ್ಯಸ್ಥಿಕೆಯಲ್ಲಿ ಸರ್ಕಾರಕ್ಕೂ ತಮಿಳು ಪುಲಿಗಳಿಗೂ (ಎಲ್‌ಟಿಟಿಇ) 2002ರ ಫೆಬ್ರುವರಿ 22ರಂದು ಕದನವಿರಾಮ ಒಪ್ಪಂದವಾಯಿತು’ ಎಂದು ಬರೆದೆ. ರೋಣದ ಕಡೆಯ ಒಬ್ಬ ಹುಡುಗ ಎದ್ದು ನಿಂತು ಕೇಳಿದ: “ಸರ್, ಮಧ್ಯಸ್ಥಿಕಿ ವಹಿಸಿದ್ರು ಅಂದಮ್ಯಾಲ ಅವ್ರು ಹೇಳಿದ್ದನ್ನ ಎರಡೂ ಕಡೆಯವ್ರು ಕೇಳಬೇಕಲ್ರಿ? ಕೇಳಲಿಲ್ಲಂದ್ರ ದಂಡ ಯಾಕ ಹಾಕಲಿಲ್ಲ?”

ಹುಡುಗನದು ತಪ್ಪಿಲ್ಲ. ನಮ್ಮ ಹಳ್ಳಿಗಳಲ್ಲಿ ಬದುವಿನ ತಂಟೆ ಬಂದರೆ ನಾಲ್ಕು ಮಂದಿ ಹಿರೇರು ಗುಡಿಕಟ್ಟೆಗೆ ಕೂಡುತ್ತಾರೆ, ಎರಡೂ ಕಡೆ ಕೇಳುತ್ತಾರೆ, ಕಡೆಗೆ ‘ಹಿಂಗ ಮಾಡ್ರಿ’ ಎಂದು ಹೇಳಿ ಏಳುತ್ತಾರೆ. ಅದನ್ನು ಮೀರಿದವನಿಗೆ ಊರಲ್ಲಿ ಮಾತಿಲ್ಲ. ಮಧ್ಯಸ್ಥಿಕೆ ಎಂದ ಕೂಡಲೇ ಅವನ ಕಣ್ಣಿಗೆ ಬರುವುದು ಆ ಕಟ್ಟೆ, ಆ ತೀರ್ಪು. ನಾರ್ವೆ ಹೇಳಿಕೊಂಡದ್ದು ಇದರ ಪೂರಾ ಉಲ್ಟಾ. ತಾನು ಮೀಡಿಯೇಟರ್ ಅಲ್ಲ, ಬರೀ ಫೆಸಿಲಿಟೇಟರ್ (ಮಾತುಕತೆಗೆ ಅನುವು ಮಾಡಿಕೊಡುವವನು) ಎಂದು ಅದು ಮತ್ತೆ ಮತ್ತೆ ಹೇಳಿತು. ನಾರ್ವೆಯ ದೂತ ಎರಿಕ್ ಸೋಲ್ಹೈಮ್ ಅವರು ಕೊಲಂಬೊಕ್ಕೂ ಹೋದರು, ಪುಲಿಗಳ ಕಡೆಗೂ ಹೋದರು, ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸಿದರು, ಕೂಡುವ ಜಾಗ ಹೊಂದಿಸಿದರು. ತೀರ್ಪು ಕೊಡುವ ಅಧಿಕಾರ ಅವರಿಗೆ ಯಾರೂ ಕೊಟ್ಟಿರಲಿಲ್ಲ. 2003ರ ಏಪ್ರಿಲ್‌ನಲ್ಲಿ ಪುಲಿಗಳು ಮಾತುಕತೆಯಿಂದ ಎದ್ದು ಹೋದಾಗ, 2008ರ ಜನವರಿಯಲ್ಲಿ ಸರ್ಕಾರವೇ ಒಪ್ಪಂದದಿಂದ ಹೊರಬಂದಾಗ, ನಾರ್ವೆ ತಡೆಯುವಂತಿರಲಿಲ್ಲ.

ಗೊಂದಲ ಹಳ್ಳಿಯದಷ್ಟೇ ಅಲ್ಲ. 1996ರ ಆರ್ಬಿಟ್ರೇಶನ್ ಕಾಯ್ದೆಯೂ ಕನ್ನಡ ಪತ್ರಿಕೆಗಳಲ್ಲಿ ‘ಮಧ್ಯಸ್ಥಿಕೆ’ ಕಾಯ್ದೆ, 2023ರ ಮೀಡಿಯೇಶನ್ ಕಾಯ್ದೆಯೂ ‘ಮಧ್ಯಸ್ಥಿಕೆ’ ಕಾಯ್ದೆ. ಮೊದಲನೆಯದರಲ್ಲಿ ಕೂತವನು ತೀರ್ಪು ಕೊಡುತ್ತಾನೆ, ಎರಡನೆಯದರಲ್ಲಿ ಕೊಡುವಂತಿಲ್ಲ. ವಿಶ್ವಸಂಸ್ಥೆಯ ಸನ್ನದಿನ 33ನೇ ವಿಧಿಯಲ್ಲಂತೂ ಇವೆರಡೂ ಒಂದೇ ಸಾಲಿನಲ್ಲಿ ಬೇರೆ ಬೇರೆ ದಾರಿಗಳಾಗಿ ಬರುತ್ತವೆ. ಆ ಸಾಲನ್ನು ಕನ್ನಡಕ್ಕೆ ತರುವವರು ಏನು ಮಾಡಬೇಕು? ಆರ್ಬಿಟ್ರೇಶನ್‌ಗೆ ‘ಪಂಚತೀರ್ಪು’ ಎಂದು ಬಿಟ್ಟುಕೊಟ್ಟು, ಮೀಡಿಯೇಶನ್‌ಗೆ ಮಾತ್ರ ‘ಮಧ್ಯಸ್ಥಿಕೆ’ ಉಳಿಸಿಕೊಳ್ಳುವುದು ಸರಿ ಅಂತ ನನಗೆ ಅನಿಸುತ್ತದೆ. ಆದರೂ ಫೆಸಿಲಿಟೇಶನ್ ಬಾಕಿ ಉಳಿಯಿತು.

‘ಸಂಧಾನ’ ಎನ್ನಬಹುದೇ? ಕೂಡಿಸುವುದು, ಜೋಡಿಸುವುದು ಎಂಬ ಮೂಲಾರ್ಥ ಚೆನ್ನಾಗಿದೆ. ಬಿಲ್ಲಿಗೆ ಬಾಣ ಹೂಡುವುದೂ ಶರಸಂಧಾನವೇ. ಆದರೆ ವೀರನಾರಾಯಣನ ಊರಿನವನಾಗಿ ಸಂಧಾನ ಎಂದರೆ ನನಗೆ ನೆನಪಾಗುವುದು ಉದ್ಯೋಗಪರ್ವದ ಕೃಷ್ಣ. ಆತ ಹಸ್ತಿನಾವತಿಗೆ ಹೋದದ್ದು ಪಾಂಡವರ ಪರವಾಗಿ. ಯಾರ ಕಡೆಗೂ ವಾಲದವನಿಗೆ ಆ ಪದ ಹೊಂದುವುದಿಲ್ಲ. ‘ಮಧ್ಯವರ್ತಿ’ಯನ್ನು ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ದಲಾಲಿ ಅಂಗಡಿಗಳು ತಮ್ಮದು ಮಾಡಿಕೊಂಡಿವೆ. ‘ಸುಗಮಕಾರ’ ತರಬೇತಿ ಶಿಬಿರದ ಪದ, ಅದರಲ್ಲಿ ಜೀವವಿಲ್ಲ.

ನಮ್ಮ ಅವ್ವ ಒಂದು ಮಾತು ಬಳಸುತ್ತಿದ್ದಳು. ಅಣ್ಣ ತಮ್ಮ ಮಾತು ಬಿಟ್ಟಾಗ, “ನೀ ಏನೂ ಹೇಳಬ್ಯಾಡ, ಇಬ್ಬರನ್ನೂ ಒಮ್ಮೆ ಮಾತಿಗೆ ಕೂಡ್ರಿಸು ಸಾಕು” ಎನ್ನುತ್ತಿದ್ದಳು. ಫೆಸಿಲಿಟೇಶನ್ ಎಂದರೆ ಇದೇ. ಬರಹಕ್ಕೆ ‘ಮಾತಿಗೆ ಕೂಡಿಸುವಿಕೆ’ ಆಗುತ್ತದೆ, ಸ್ವಲ್ಪ ಉದ್ದ. ‘ಕೂಡಿಸುಗ’ ಎಂದು ಹೊಸದಾಗಿ ಕಟ್ಟಬಹುದೇನೋ, ಆದರೆ ಕಿವಿಗೆ ಇನ್ನೂ ಒಗ್ಗಿಲ್ಲ.

ಇದಕ್ಕೆ ಇಷ್ಟು ಪಟ್ಟು ಹಿಡಿಯಲು ಕಾರಣವಿದೆ. ಭಾರತದ ನಿಲುವೇ ಈ ಪದಗಳ ಅಂತರದ ಮೇಲೆ ನಿಂತಿದೆ. 1972ರ ಸಿಮ್ಲಾ ಒಪ್ಪಂದದಿಂದೀಚೆಗೆ ಕಾಶ್ಮೀರದ ವಿಷಯದಲ್ಲಿ ‘ಮೂರನೆಯವರ ಮಧ್ಯಸ್ಥಿಕೆ ಬೇಡ’ ಎನ್ನುತ್ತ ಬಂದ ದೆಹಲಿ, ನಾರ್ವೆಯ ಓಡಾಟಕ್ಕೆ ಅಡ್ಡ ಬರಲಿಲ್ಲ. ನಾರ್ವೆಯವರು ದೆಹಲಿಗೂ ಬಂದು ವರದಿ ಒಪ್ಪಿಸುತ್ತಿದ್ದರು. ಎರಡಕ್ಕೂ ಒಂದೇ ಪದ ಬರೆದರೆ ಭಾರತ ಒಂದು ಕಡೆ ಬೇಡವೆಂದು ಇನ್ನೊಂದು ಕಡೆ ಬೇಕೆಂದಿತು ಅಂತ ಮಕ್ಕಳು ಓದಿಕೊಳ್ಳುತ್ತಾರೆ. ಶ್ರೀಲಂಕಾದ ಜೊತೆಗಿನ 1987ರ ಒಪ್ಪಂದಕ್ಕೆ ತಾನೇ ಸಹಿ ಹಾಕಿ, ಸೈನ್ಯ ಕಳಿಸಿ, ಪುಲಿಗಳ ಜೊತೆ ಕಾದಾಡಿ, 1990ರ ಮಾರ್ಚ್‌ನಲ್ಲಿ ವಾಪಸಾದ ಭಾರತದ ಕೆಲಸಕ್ಕೆ ಮೂರನೆಯದೇ ಪದ ಬೇಕು. ಜಗಳ ಬಿಡಿಸಾಕ ಹೋದಾವ ತಾನ ಜಗಳಕ್ಕ ಬಿದ್ದಂಗ ಅದು.

ನೇಪಾಳದಲ್ಲೂ ಇದೇ ಸೂಕ್ಷ್ಮ. 1996ರಲ್ಲಿ ಶುರುವಾದ ಮಾವೋವಾದಿಗಳ ಯುದ್ಧದಲ್ಲಿ ವಿಶ್ವಸಂಸ್ಥೆ ರಾಜಕೀಯ ಮಧ್ಯಸ್ಥಿಕೆ ವಹಿಸುವುದು ಭಾರತಕ್ಕೆ ಬೇಡವಾಗಿತ್ತು. ಮಾವೋವಾದಿಗಳೂ ರಾಜನ ಆಳ್ವಿಕೆಯನ್ನು ವಿರೋಧಿಸುತ್ತಿದ್ದ ಏಳು ಪಕ್ಷಗಳೂ 12 ಅಂಶಗಳಿಗೆ ಒಪ್ಪಿದ್ದು 2005ರ ನವೆಂಬರ್‌ನಲ್ಲಿ, ದೆಹಲಿಯಲ್ಲಿ ಕೂಡಿದಾಗ. 2007ರಲ್ಲಿ ಭದ್ರತಾ ಮಂಡಳಿಯ 1740ನೇ ನಿರ್ಣಯದಂತೆ ಬಂದ ವಿಶ್ವಸಂಸ್ಥೆಯ ತಂಡಕ್ಕೆ ಒಪ್ಪಿಸಿದ್ದರಲ್ಲಿ ಮುಖ್ಯವಾದದ್ದು ಆಯುಧಗಳ ಮೇಲೆ ಕಣ್ಣಿಡುವುದು. ಇದಕ್ಕೆ ‘ನಿಗಾ’ ಎಂದರೆ ಸರಿ. ‘ಉಸ್ತುವಾರಿ’ ಎಂದು ಬರೆದರೆ ನಮ್ಮ ಜಿಲ್ಲಾ ಉಸ್ತುವಾರಿ ಸಚಿವರ ಹಾಗೆ ಅಪ್ಪಣೆ ಕೊಡುವ ಅಧಿಕಾರ ಇತ್ತೆಂದಾಗುತ್ತದೆ.

ಇನ್ನೊಂದು ಪದವೂ ಕಾಡುತ್ತಿದೆ. ಇನ್ಸರ್ಜೆನ್ಸಿಗೆ (ಸರ್ಕಾರದ ವಿರುದ್ಧ ಆಯುಧ ಹಿಡಿದು ನಡೆಸುವ ಹೋರಾಟಕ್ಕೆ) ‘ಬಂಡಾಯ’ ಎಂದು ಬರೆಯಲು ನನ್ನ ಕೈ ತಡೆಯುತ್ತದೆ. ಗದಗ ಜಿಲ್ಲೆಯಲ್ಲಿ ಬಂಡಾಯವೆಂದರೆ 1858ರ ನರಗುಂದದ ಬಾಬಾಸಾಹೇಬ, 1980ರ ಜುಲೈನಲ್ಲಿ ನರಗುಂದ–ನವಲಗುಂದದ ರೈತರು. ಇಲ್ಲಿ ಅದು ಮರ್ಯಾದೆಯ ಮಾತು. ಅದೇ ಬೇರಿನ ‘ಬಂಡುಕೋರ’ ಮಾತ್ರ ಬೈಗುಳದ ಹಾಗೆ ಕೇಳುತ್ತದೆ. ಸದ್ಯಕ್ಕೆ ‘ಸಶಸ್ತ್ರ ದಂಗೆ’ ಎಂದು ಬರೆದಿದ್ದೇನೆ, ಆದರೆ ಹತ್ತು ವರ್ಷ ನಡೆದದ್ದಕ್ಕೆ ದಂಗೆ ಎಂದರೆ ಚಿಕ್ಕದಾಯಿತು.

ನಿಮ್ಮ ನಿಮ್ಮ ಕಡೆ, ತೀರ್ಪು ಹೇಳದೆ ಇಬ್ಬರನ್ನು ಎದುರುಬದುರು ಕೂಡ್ರಿಸುವವನಿಗೆ ಏನನ್ನುತ್ತಾರೆ? ಕರಾವಳಿಯವರು, ಮೈಸೂರು ಕಡೆಯವರು, ಕಲಬುರಗಿಯವರು ದಯಮಾಡಿ ತಿಳಿಸಿರಿ. ಮನೆಯ ಹಿರಿಯರನ್ನೊಮ್ಮೆ ಕೇಳಿ ಬರೆದರೆ ಇನ್ನೂ ಉಪಕಾರವಾಗುತ್ತದೆ.