ಹಿತ್ತಲಲ್ಲಿ ಒಂದು ಜೇನು ಪೆಟ್ಟಿಗೆ: ಸಾಕಿದವರು ಅನುಭವ ಹೇಳಿ

ಪುತ್ತೂರಿನಿಂದ: ಮನೆ ಹಿಂದೆ 20 ಸೆಂಟ್ಸ್ ಜಾಗ ಉಂಟು. ಅಡಿಕೆ, ತೆಂಗು, ನಾಲ್ಕು ರಂಬುಟಾನ್ ಗಿಡ. ತುಡುವೆ ಜೇನಿನ (ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡ ಜೇನು) ಒಂದು ಪೆಟ್ಟಿಗೆ ಇಡುವ ಆಸೆ. ಜೇನುನೊಣಗಳ ಕುಟುಂಬ ಸಮೇತ ಕೊಳ್ಳುವುದಾ, ಖಾಲಿ ಪೆಟ್ಟಿಗೆ ಇಟ್ಟು ಕಾಯುವುದಾ? ಜೂನ್ ಮುಗೀತಾ ಬಂತು, ಈಗಲೇ ತರಬಹುದಾ?

ಸುಳ್ಯದಿಂದ: ನಾನು ಕುಟುಂಬ ಸಮೇತ ಕೊಂಡವಳು. ಲೆಕ್ಕ ಕೇಳಿ. ಪೆಟ್ಟಿಗೆ 2,200, ಕುಟುಂಬ 2,500, ಸ್ಟ್ಯಾಂಡ್ 650, ಮುಖಕ್ಕೆ ಹಾಕುವ ಬಲೆ 300, ಹೊಗೆ ಬಿಡುವ ಸ್ಮೋಕರ್ 550, ಆಟೋ ಬಾಡಿಗೆ 400. ಒಟ್ಟು 6,600. ಆರು ಎರಿ (ಮೇಣದ ಹಲ್ಲೆ) ತುಂಬ ನೊಣ ಅಂತ ಹೇಳಿ ಮಾರಿದ್ದರು. ಮನೆಗೆ ತಂದು ಮುಚ್ಚಳ ತೆಗೆದರೆ ಮೂರೇ ಎರಿ, ಒಂದು ಕಣದಲ್ಲೂ ಮೊಟ್ಟೆ ಇಲ್ಲ. ರಾಣಿಯೇ ಇಲ್ಲದ ಕುಟುಂಬ! ಫೋನ್ ಮಾಡಿದರೆ "ದಾರಿಯಲ್ಲಿ ಕುಲುಕಿ ಸತ್ತಿರಬೇಕು" ಅಂದರು. ಇನ್ನೊಂದು ಕುಟುಂಬಕ್ಕೆ ಮತ್ತೆ 2,500. ಅದಕ್ಕೆ ಥಾಯ್ ಸ್ಯಾಕ್‌ಬ್ರೂಡ್ ಅನ್ನುವ ವೈರಸ್ ರೋಗ ಬಡಿಯಿತು. ಮರಿಗಳು ಕಣದೊಳಗೆ ತಲೆ ಮೇಲೆತ್ತಿ ಸತ್ತಿದ್ದವು. ಕಡ್ಡಿಯಲ್ಲಿ ಎತ್ತಿದರೆ ನೀರು ತುಂಬಿದ ಸಣ್ಣ ಚೀಲದ ಹಾಗೆ ಜೋತು ಬರುತ್ತಿತ್ತು. ನೊಣಗಳು ಪೆಟ್ಟಿಗೆ ಬಿಟ್ಟು ಹೋದವು, ಉಳಿದ ಎರಿಗೆ ಮೇಣದ ಹುಳ ಬಿದ್ದು ಬಲೆ ಕಟ್ಟಿತು. 9,100 ರೂಪಾಯಿ ಹೋಯಿತು, ಒಂದು ಚಮಚ ಜೇನು ಕಂಡಿಲ್ಲ. ಕೊಳ್ಳುವುದಾದರೆ ಎರಿ ಇರುವ ಫ್ರೇಮು ಒಂದೊಂದೇ ಎತ್ತಿಸಿ, ಮೊಟ್ಟೆ, ಮರಿ ಕಣ್ಣಾರೆ ನೋಡಿ ದುಡ್ಡು ಕೊಡಿ.

ಶಿರಸಿಯಿಂದ: ಅಕ್ಕಾ, ಜೇನು ದುಡ್ಡು ಕೊಟ್ಟು ತರುವ ವಸ್ತುವೇ ಅಲ್ಲ. ನಮ್ಮ ಮನೆಯಲ್ಲಿರುವುದೆಲ್ಲ ಹುತ್ತ, ಪೊಟರೆಯಿಂದ ಇಳಿಸಿದ್ದು. ಮರಿ ಇರುವ ಎರಿ ಕೊಯ್ದು ಬಾಳೆನಾರಿನಲ್ಲಿ ಫ್ರೇಮಿಗೆ ಕಟ್ಟಿ, ರಾಣಿಯನ್ನು ಹುಷಾರಾಗಿ ಪೆಟ್ಟಿಗೆಗೆ ಬಿಟ್ಟರೆ ಉಳಿದವು ಹಿಂದೆಯೇ ನಡೆದು ಒಳಗೆ ಬರುತ್ತವೆ. ಎರಡೇ ದಿನದಲ್ಲಿ ಎರಿಯನ್ನು ಫ್ರೇಮಿಗೆ ಅಂಟಿಸಿ, ಕಟ್ಟಿದ ನಾರನ್ನು ಕಡಿದು ಹೊರಗೆ ಎಳೆದು ಹಾಕುತ್ತವೆ. ಪೆಟ್ಟಿಗೆ ಹಲಸಿನ ಹಲಗೆಯಲ್ಲಿ ಊರ ಆಚಾರಿ ಮಾಡಿದ್ದು, 1,400. ಸಕ್ಕರೆ ನೀರು ನಾನು ಇಲ್ಲಿಯವರೆಗೆ ಕೊಟ್ಟವನಲ್ಲ. ಅದು ಕೊಟ್ಟರೆ ಸಿಗುವುದು ಜೇನಲ್ಲ, ಪಾಕ.

ಮಡಿಕೇರಿಯಿಂದ: ಪಾಕ ಅನ್ನುವ ಮಾತು ವಾಪಸ್ ತೆಗೆದುಕೊಳ್ಳಿ. 1991-92ರಲ್ಲಿ ಇದೇ ಸ್ಯಾಕ್‌ಬ್ರೂಡ್ ರೋಗ ಬಂದು ನಮ್ಮಪ್ಪನ ಪೆಟ್ಟಿಗೆಗಳು ಸಾಲಾಗಿ ಖಾಲಿಯಾದವು. ಅವರು ಆಮೇಲೆ ಜೇನಿನ ತಂಟೆಗೇ ಹೋಗಲಿಲ್ಲ. ನಾನು ಮತ್ತೆ ಶುರು ಮಾಡಿದ್ದು ಹಟಕ್ಕೆ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ನೊಣ ಹೊರಗೆ ಹಾರುವುದಕ್ಕೇ ಮಳೆ ಬಿಡುವುದಿಲ್ಲ. ಒಂದು ಪಾಲು ಸಕ್ಕರೆ, ಒಂದು ಪಾಲು ನೀರು ಕುದಿಸಿ, ಆರಿಸಿ, ಸಂಜೆ ಪೆಟ್ಟಿಗೆಯೊಳಗೆ ಇಡುತ್ತೇನೆ. ಹಗಲು ಇಟ್ಟರೆ ಪಕ್ಕದ ಪೆಟ್ಟಿಗೆ ನೊಣ ಬಂದು ಲೂಟಿ ಮಾಡುತ್ತವೆ. ಮಳೆಗಾಲದಲ್ಲಿ ಮೇಲಿನ ಜೇನು ಕೋಣೆ ತೆಗೆದಿಟ್ಟಿರುತ್ತೇವೆ. ಹಾಗಿರುವಾಗ ಸಕ್ಕರೆ ನೀರು ನಾವು ಮಾರುವ ಜೇನಿಗೆ ಸೇರುವುದು ಎಲ್ಲಿಂದ?

ಶಿರಸಿಯಿಂದ: ಅವುಗಳ ಜೇನನ್ನು ಪೂರ್ತಿ ಬಾಚಿಕೊಂಡು ಆಮೇಲೆ ಸಕ್ಕರೆ ಕೊಡುವುದು ಯಾವ ಸೀಮೆಯ ಸಾಕಣೆ? ಮೇ ತಿಂಗಳ ಜೇನು ನಾನು ಮುಟ್ಟುವುದಿಲ್ಲ, ಅದು ಅವುಗಳ ಮಳೆಗಾಲದ ಪಾಲು.

ಸುಳ್ಯದಿಂದ: ಪೊಟರೆ ಒಡೆದು ಸಂಸಾರ ಕಿತ್ತು ತರುವವರು ಪಾಲಿನ ಮಾತಾಡಬೇಡಿ ಮಾರಾಯ್ರೆ.

ಚಿಕ್ಕಬಳ್ಳಾಪುರದಿಂದ: ಇಷ್ಟು ಕಷ್ಟ ಯಾಕೆ? ಮೆಲ್ಲಿಫೆರಾ (ಯುರೋಪಿನ ಜೇನು) ಇಡಿ. ತುಡುವೆ ವರ್ಷಕ್ಕೆ ಕೊಡುವುದನ್ನು ಇದು ಸೂರ್ಯಕಾಂತಿ ಹೂ ಬಿಡುವ ಒಂದು ಕಾಲದಲ್ಲೇ ಕೊಡುತ್ತೆ. ನನ್ನ ನಷ್ಟವೆಲ್ಲ ಪಕ್ಕದ ಹೊಲದವರು ಬೆಳಿಗ್ಗೆ ಹೊತ್ತು ಔಷಧಿ ಹೊಡೆದಿದ್ದರಿಂದ. ಪೆಟ್ಟಿಗೆ ಬಾಗಿಲಲ್ಲಿ ರಾಶಿ ರಾಶಿ ನೊಣ, ನಾಲಗೆ ಹೊರಗೆ ಚಾಚಿ ಸತ್ತಿದ್ದವು. ಸಂಜೆ ಹೊಡೀರಿ ಅಂತ ಕೈ ಮುಗಿದು ಕೇಳಿದ್ದೆ.

ಮಡಿಕೇರಿಯಿಂದ: ನಿಮ್ಮ ಪೆಟ್ಟಿಗೆಗಳನ್ನು ಹೂವಿನ ಹಿಂದೆ ಲಾರಿಯಲ್ಲಿ ಊರೂರು ಸಾಗಿಸುತ್ತೀರಿ. ಪುತ್ತೂರಿನವರು ಒಂದು ಪೆಟ್ಟಿಗೆ ಹಿಡಿದುಕೊಂಡು ಎಲ್ಲಿಗೆ ಹೋಗಬೇಕು? ಆ ಮಳೆಗೆ ತುಡುವೆಯೇ ಸರಿ.

ಪುತ್ತೂರಿನಿಂದ: ಹಾಗಾದರೆ ಈ ಮಳೆಯಲ್ಲಿ ತರುವುದು ಬೇಡ ಅಂತಲಾ? ಇರುವೆ ಹತ್ತದಂತೆ ಸ್ಟ್ಯಾಂಡಿನ ಕಾಲಿಗೆ ನೀರಿನ ಬಟ್ಟಲು ಇಟ್ಟರೆ ಸೊಳ್ಳೆ ಆಗುವುದಿಲ್ಲವಾ?

ಸುಳ್ಯದಿಂದ: ಬೇಡವೇ ಬೇಡ. ಮಳೆ ಬಿಟ್ಟು ಒಂದು ಕುಟುಂಬ ಎರಡಾಗಿ ಪಾಲಾಗುವ ಕಾಲಕ್ಕೆ ತನ್ನಿ. ಬಟ್ಟಲಿಗೆ ಹಳೇ ಎಂಜಿನ್ ಆಯಿಲ್ ಹಾಕಿ, ಸೊಳ್ಳೆಯೂ ಇಲ್ಲ, ಇರುವೆಯೂ ಇಲ್ಲ.

ಶಿರಸಿಯಿಂದ: ಆಯಿಲ್ ಬೇಡ, ಬಿದ್ದ ನೊಣ ಒಂದೂ ಏಳುವುದಿಲ್ಲ. ನೀರೇ ಇರಲಿ, ವಾರಕ್ಕೊಮ್ಮೆ ಚೆಲ್ಲಿ ಬದಲಿಸಿ.

ಸುಳ್ಯದಿಂದ: ನೀರಿನ ಬಟ್ಟಲಿಗೆ ಒಂದು ಒಣ ಎಲೆ ಬಿದ್ದರೆ ಸಾಕು, ಚಗಳಿ (ಮರದ ಕೆಂಪು ಇರುವೆ) ಅದರ ಮೇಲೇ ದಾಟಿ ಬರುತ್ತದೆ. ನಮ್ಮಲ್ಲಿ ಹಾಗೇ ಬಂದದ್ದು.